ಕೋಡಿ ಬಿದ್ದ ಸುದ್ದಿಯನ್ನು ಎಲ್ಲಿ ಇಡಬೇಕು?

2022ರ ಸೆಪ್ಟೆಂಬರಿನಲ್ಲಿ ಮಾರಿಕಣಿವೆ, ಅಂದರೆ ವಾಣಿವಿಲಾಸ ಸಾಗರ, ಕೋಡಿ ಬಿತ್ತು. ಅಣೆಕಟ್ಟು ಕಟ್ಟಿ ಮುಗಿದದ್ದು 1907ರಲ್ಲಿ. ಅದು ಮೊದಲ ಸಲ ತುಂಬಿ ಹರಿದದ್ದು 1933ರಲ್ಲಿ. ಆಮೇಲೆ 89 ವರ್ಷ ವಾಣಿವಿಲಾಸ ಸಾಗರದ ಕೋಡಿ ಒಣಗಿಕೊಂಡೇ ಇತ್ತು. ಹಾಗಾಗಿ ಆ ದಿನಗಳಲ್ಲಿ ಹಿರಿಯೂರಿನ ಕಡೆ ಹೊರಟ ಜನರಲ್ಲಿ ತಾತ ಹೇಳಿದ್ದನ್ನು ಕಣ್ಣಾರೆ ಕಾಣುವ ಆಸೆಯಿತ್ತು, ಕಂಡದ್ದನ್ನು ಉಳಿದವರಿಗೆ ತೋರಿಸುವ ಆತುರವೂ ಇತ್ತು. ನೀರಿನ ಮುಂದೆ ನಿಂತ ಪ್ರತಿಯೊಬ್ಬರ ಕೈಯಲ್ಲೂ ಮೊಬೈಲ್ ಇತ್ತು.

ಆ ವಿಡಿಯೊಗಳು ಹಿಡಿದ ದಾರಿಯನ್ನು ಯೋಚಿಸಿ ನೋಡಿ. ಜಲಾಶಯದ ಹಿನ್ನೀರು ಹೊಸದುರ್ಗ ತಾಲ್ಲೂಕಿನೊಳಕ್ಕೆ ಚಾಚಿದೆ. ಹಿನ್ನೀರಿನ ದಂಡೆಯ ಹಳ್ಳಿಯವನೊಬ್ಬ ತನ್ನ ಹೊಲದಂಚಿನವರೆಗೆ ಬಂದ ಅದೇ ನೀರು ಕೋಡಿಯಲ್ಲಿ ಹೇಗೆ ಧುಮುಕುತ್ತಿದೆ ಎಂದು ಫೋನಿನಲ್ಲಿ ನೋಡುತ್ತಾನೆ. ಚಿತ್ರ ತೆಗೆದ ಜಾಗ ಅವನಿಂದ ಕೆಲವೇ ಹರದಾರಿ ದೂರ. ಚಿತ್ರ ಮಾತ್ರ ಹಿರಿಯೂರಿನ ಟವರಿನಿಂದ ಹೆದ್ದಾರಿಯ ಪಕ್ಕದ ಆಪ್ಟಿಕಲ್ ಫೈಬರ್ ಹಿಡಿದು ಬೆಂಗಳೂರಿಗೋ, ಅದರಾಚೆಯ ಇನ್ಯಾವುದೋ ಮಹಾನಗರದ ದತ್ತಾಂಶ ಕೇಂದ್ರಕ್ಕೋ ಹೋಗಿ, ಅಲ್ಲಿಂದ ತಿರುಗಿ ಬರಬೇಕು. ಅವನ ಪಕ್ಕದ ಮನೆಯವನು ಐದು ನಿಮಿಷ ಬಿಟ್ಟು ಅದನ್ನೇ ನೋಡಿದರೆ ಚಿತ್ರ ಮತ್ತೊಮ್ಮೆ ಬೆಂಗಳೂರಿನಿಂದ ಹೊರಡುತ್ತದೆ. ಬೀದಿಯಲ್ಲಿ ನಲವತ್ತು ಜನ ನೋಡಿದರೆ ನಲವತ್ತು ಸಲ.

ನೀರನ್ನು ಎಲ್ಲಿ ನಿಲ್ಲಿಸಬೇಕೆಂದು ಕಣಿವೆಯೇ ಹೇಳುತ್ತದೆ. ವೇದಾವತಿ ನದಿ ಎರಡು ಗುಡ್ಡಗಳ ನಡುವೆ ಇಕ್ಕಟ್ಟಾಗಿ ನುಗ್ಗುವ ಜಾಗ ಅದೊಂದೇ, ಆದ್ದರಿಂದ ಕಟ್ಟೆ ಅಲ್ಲೇ ಎದ್ದಿತು. ಮಾಹಿತಿಗೆ ಅಂಥ ಕಣಿವೆಯಿಲ್ಲ. ಅದನ್ನು ಎಲ್ಲಿ ಬೇಕಾದರೂ ಇಡಬಹುದು, ಎಷ್ಟು ಕಡೆ ಬೇಕಾದರೂ ಇಡಬಹುದು. ಹೀಗಾಗಿ ಎಲ್ಲಿ ಇಡಬೇಕೆಂಬುದನ್ನು ಯಾರಾದರೂ ಕೂತು ತೀರ್ಮಾನಿಸಲೇಬೇಕಾಗುತ್ತದೆ. ಈಗ ಆ ತೀರ್ಮಾನ ನಮ್ಮ ಊರುಗಳಿಂದ ಬಹಳ ದೂರದಲ್ಲಿ, ನಮ್ಮ ಊರುಗಳನ್ನು ಎಣಿಕೆಗೆ ತೆಗೆದುಕೊಳ್ಳದೆ ಆಗುತ್ತಿದೆ ಎಂಬುದು ನನ್ನ ತಕರಾರು.

ಗಣಕ ವಿಜ್ಞಾನದಲ್ಲಿ ಹತ್ತಿರದ ದಾಸ್ತಾನಿಗೆ ಕ್ಯಾಶ್ ಎನ್ನುತ್ತಾರೆ. ದುಡ್ಡಿಗೂ ಇದಕ್ಕೂ ಸಂಬಂಧವಿಲ್ಲ, ಬಚ್ಚಿಡುವುದು ಎಂಬ ಅರ್ಥದ ಫ್ರೆಂಚ್ ಮಾತಿನಿಂದ ಬಂದ ಪದ ಇದು. ದೊಡ್ಡದಾದರೂ ನಿಧಾನವಾದ ಸ್ಮೃತಿಯ ಮುಂದೆ ಚಿಕ್ಕದಾದರೂ ಚುರುಕಾದ ಒಂದು ಸ್ಮೃತಿಯನ್ನು ಇಡುವ ವಿಚಾರವನ್ನು ಕೇಂಬ್ರಿಜ್‌ನ ಮಾರಿಸ್ ವಿಲ್ಕ್ಸ್ 1965ರಲ್ಲಿ ಬರೆದರು. ಅದಕ್ಕೆ ಈ ಹೆಸರು ಅಂಟಿಕೊಂಡದ್ದು 1968ರ ಸುಮಾರಿಗೆ, ಐಬಿಎಂ ಕಂಪನಿಯ ಒಂದು ಯಂತ್ರದಿಂದ. ನಮ್ಮ ಬಯಲುಸೀಮೆಯಲ್ಲಿ ಇದೇ ಅರ್ಥದ ಒಂದು ಪದ ಅದಕ್ಕಿಂತ ಎಷ್ಟೋ ಹಿಂದಿನಿಂದ ಇದೆ: ಹಗೇವು. ಮನೆಯ ಮುಂದೆ ನೆಲದೊಳಗೆ ತೋಡಿ, ಬದಿಗೆ ಹುಲ್ಲು ಹಾಸಿ, ರಾಗಿ ಸುರಿದು, ಬಾಯಿಗೆ ಚಪ್ಪಡಿ ಇಟ್ಟು ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಕಾಳು ಕೆಡುತ್ತಿರಲಿಲ್ಲ. ತೆಗೆಯುವ ದಿನ ಮೊದಲು ದೀಪ ಇಳಿಸಿ ನೋಡಬೇಕು. ದೀಪ ನಂದಿದರೆ ಒಳಗೆ ಕೆಟ್ಟ ಗಾಳಿಯಿದೆ ಎಂದರ್ಥ, ಮನುಷ್ಯ ಇಳಿಯಬಾರದು. ಹಗೇವಿನಿಂದ ಎತ್ತಿದ ಕಾಳು ಕಣಜಕ್ಕೆ ಬರುತ್ತಿತ್ತು, ಕಣಜದಿಂದ ಗುಡಾಣಕ್ಕೆ, ಗುಡಾಣದಿಂದ ಬೀಸುಕಲ್ಲಿಗೆ. ದಿನಾ ಬೇಕಾದದ್ದು ಕೈಗೆಟುಕುವಲ್ಲಿ, ತಿಂಗಳಿಗೊಮ್ಮೆ ಬೇಕಾದದ್ದು ಒಳಮನೆಯಲ್ಲಿ, ಬರಗಾಲಕ್ಕೆ ಬೇಕಾದದ್ದು ನೆಲದಡಿಯಲ್ಲಿ. ಇಂದಿನ ಪ್ರೊಸೆಸರ್ ತನ್ನ ಸ್ಮೃತಿಯನ್ನು ಮೂರು ಮೆಟ್ಟಿಲು ಮಾಡಿಕೊಂಡಿರುವುದೂ ಇದೇ ಲೆಕ್ಕದಲ್ಲಿ. ಮುಂದೆಲ್ಲ ನಾನು ಹಗೇವು ಎಂದೇ ಬರೆಯುತ್ತೇನೆ.

ಒಂದೇ ಮನೆಯ ಒಂದೇ ಹಗೇವಿನ ಸಮಸ್ಯೆ ಸುಲಭದ್ದು. ಜಾಗ ತುಂಬಿದಾಗ ಯಾವುದನ್ನು ಹೊರಹಾಕಬೇಕು? ಮುಂದೆ ಯಾವುದು ಎಲ್ಲಕ್ಕಿಂತ ತಡವಾಗಿ ಬೇಕಾಗುತ್ತದೋ ಅದನ್ನು ಎಂದು ಐಬಿಎಂನಲ್ಲಿದ್ದ ಲಾಸ್ಲೊ ಬೆಲಾಡಿ 1966ರಲ್ಲೇ ತೋರಿಸಿದರು. ಮುಂದಿನದು ಯಾರಿಗೂ ಗೊತ್ತಿಲ್ಲದ್ದರಿಂದ ಯಂತ್ರಗಳು ಹಿಂದಿನದನ್ನು ನೋಡಿ ಊಹಿಸುತ್ತವೆ: ಬಹಳ ದಿನದಿಂದ ಯಾರೂ ಕೇಳದ್ದನ್ನು ತೆಗೆದುಹಾಕು. ಸಾಮಾನ್ಯ ದಿನಗಳಲ್ಲಿ ಇದು ಚೆನ್ನಾಗಿಯೇ ನಡೆಯುತ್ತದೆ.

ಹಗೇವುಗಳು ಹಲವಾದಾಗ ಸಮಸ್ಯೆಯ ಸ್ವರೂಪ ಬದಲಾಗುತ್ತದೆ. ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಈ ನಾಲ್ಕು ಊರಿನಲ್ಲೂ ಒಂದೊಂದು ಚಿಕ್ಕ ದಾಸ್ತಾನು ಯಂತ್ರ ಇದೆಯೆಂದು ಇಟ್ಟುಕೊಳ್ಳಿ. ಒಂದೊಂದರಲ್ಲಿ ನೂರು ವಿಡಿಯೊಗಳಿಗೆ ಜಾಗ. ಜನ ಕೇಳಬಹುದಾದ ವಿಡಿಯೊಗಳು ಒಟ್ಟು ಹತ್ತು ಸಾವಿರ. ಯಾವುದನ್ನು ಎಷ್ಟು ಜನ ಕೇಳುತ್ತಾರೆ ಎಂಬುದಕ್ಕೆ ಒಂದು ಸ್ಥೂಲ ನಿಯಮವಿದೆ. ಅಂತರಜಾಲದ ಬೇಡಿಕೆಯನ್ನು ಅಳೆದು 1999ರಲ್ಲಿ ಲೀ ಬ್ರೆಸ್ಲೌ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ ಅದನ್ನು ಗಟ್ಟಿಮಾಡಿತು. ಬೇಡಿಕೆ ಮೊದಲ ಸ್ಥಾನದಿಂದ ಕೆಳಕ್ಕೆ ಎಷ್ಟು ಕಡಿದಾಗಿ ಇಳಿಯುತ್ತದೆ ಎಂದು ಹೇಳುವ ಒಂದು ಸೂಚ್ಯಂಕವಿದ್ದು, ಅವರು ನೋಡಿದ ಕಡೆಗಳಲ್ಲಿ ಅದು 0.64ರಿಂದ 0.83ರವರೆಗೆ ಇತ್ತು. 0.8 ಎಂದು ಹಿಡಿಯೋಣ. ಆಗ ಮೊದಲನೆಯದನ್ನು ನೂರು ಸಲ ಕೇಳಿದರೆ ಎರಡನೆಯದನ್ನು 57 ಸಲ, ಹತ್ತನೆಯದನ್ನು 16 ಸಲ, ನೂರನೆಯದನ್ನು ಎರಡು ಮೂರು ಸಲ ಕೇಳುತ್ತಾರೆ. ತಲೆ ದಪ್ಪ, ಬಾಲ ಸಣ್ಣದಾದರೂ ಬಹಳ ಉದ್ದ.

ಈಗ ನಾಲ್ಕೂ ಊರಿನವರು ತಮ್ಮ ತಮ್ಮ ಪಾಡಿಗೆ ಜಾಣತನದಿಂದ ನಡೆದುಕೊಂಡರೆ ಏನಾಗುತ್ತದೆ? ಪ್ರತಿ ಊರೂ ಮೊದಲ ನೂರನ್ನೇ ಇಟ್ಟುಕೊಳ್ಳುತ್ತದೆ. ನೂರು ಕೇಳಿಕೆಗಳಲ್ಲಿ ಸುಮಾರು 30 ಊರಿನಲ್ಲೇ ಈಡೇರುತ್ತವೆ, 70 ಬೆಂಗಳೂರಿಗೆ ಹೋಗುತ್ತವೆ. ನಾಲ್ಕು ಯಂತ್ರಗಳಲ್ಲೂ ಇರುವುದು ಅದದೇ ನೂರು. ಇದಕ್ಕೆ ತದ್ವಿರುದ್ಧವಾಗಿ, ಯಾವ ಊರಲ್ಲೂ ಪುನರಾವರ್ತನೆ ಬೇಡ, ನಾಲ್ಕೂ ಸೇರಿ ಬೇರೆಬೇರೆ ನಾನೂರು ಇಡೋಣ ಎಂದರೆ 45 ಕೇಳಿಕೆಗಳು ನಾಲ್ಕೂರಿನೊಳಗೇ ಈಡೇರುತ್ತವೆ. ಆದರೆ ತನ್ನೂರಿನಲ್ಲೇ ಸಿಗುವುದು ಹನ್ನೊಂದಕ್ಕೆ ಇಳಿದುಬಿಡುತ್ತದೆ, ಉಳಿದದ್ದನ್ನೆಲ್ಲ ನೆರೆಯೂರಿನಿಂದ ತರಿಸಬೇಕು. ಎರಡೂ ಅತಿಯಾಯಿತು. ಮೂರನೆಯ ದಾರಿ: ಎಲ್ಲರೂ ಕೇಳುವ ಮೊದಲ ಐವತ್ತನ್ನು ನಾಲ್ಕೂ ಊರು ಇಟ್ಟುಕೊಳ್ಳಲಿ, ಉಳಿದ ಐವತ್ತರ ಜಾಗದಲ್ಲಿ ಊರಿಗೊಂದು ತರ ಹಂಚಿಕೊಳ್ಳಲಿ. ಒಟ್ಟು 250 ಬೇರೆಬೇರೆ ವಿಡಿಯೊಗಳಾದವು. ಆಗ 28 ಕೇಳಿಕೆಗಳು ತನ್ನೂರಿನಲ್ಲೇ, 11 ನೆರೆಯೂರಿನಿಂದ, 61 ಬೆಂಗಳೂರಿನಿಂದ. ತನ್ನೂರಿನ ಲೆಕ್ಕದಲ್ಲಿ ಪ್ರತಿ ಊರೂ ಬಿಟ್ಟುಕೊಟ್ಟದ್ದು ಎರಡೇ ಎರಡು. ಬೆಂಗಳೂರಿನ ದಾರಿಯ ಮೇಲಿನಿಂದ ಇಳಿದ ಭಾರ ಒಂಬತ್ತು.

ಒಂದು ಯಂತ್ರವನ್ನೂ ಹೊಸದಾಗಿ ಕೊಂಡಿಲ್ಲ, ಒಂದು ತಂತಿಯನ್ನೂ ಎಳೆದಿಲ್ಲ. ನಾಲ್ವರು ಕೂತು ಮಾತಾಡಿಕೊಂಡದ್ದರಿಂದಲೇ ಇಷ್ಟು ಸಿಕ್ಕಿತು. ಇದರ ಹಿಂದಿರುವ ಕಾರಣ ಸರಳ. ಒಂದು ವಸ್ತುವಿನ ಮೊದಲ ಪ್ರತಿ ಮಾಡುವಷ್ಟು ಉಪಕಾರವನ್ನು ಎರಡನೆಯದು ಮಾಡದು, ಎರಡನೆಯದರಷ್ಟನ್ನು ಮೂರನೆಯದು ಮಾಡದು. ಜನಪ್ರಿಯವಾದದ್ದನ್ನು ಇಡು ಎಂಬ ಸೂತ್ರ ಈ ಇಳಿಕೆಯನ್ನು ನೋಡುವುದೇ ಇಲ್ಲ. ಪಕ್ಕದಲ್ಲಿ ಆಗಲೇ ಏನಿದೆ ಎಂದು ನೋಡಿ ಇಡು ಎಂಬ ಸೂತ್ರ ನೋಡುತ್ತದೆ. ನೂರಾರು ಊರು, ಲಕ್ಷಾಂತರ ವಿಡಿಯೊ ಇರುವಾಗ ಅತ್ಯುತ್ತಮ ಹಂಚಿಕೆಯನ್ನೇ ಕಂಡುಹಿಡಿಯುವುದು ಎಂಥ ದೊಡ್ಡ ಗಣಕಕ್ಕೂ ಕೈಗೆಟುಕದ ಲೆಕ್ಕ. ಆದರೆ ಮೊಬೈಲ್ ಜಾಲಗಳ ಚಿಕ್ಕ ದಾಸ್ತಾನುಗಳ ಬಗ್ಗೆ 2012ರಲ್ಲಿ ಗೋಲ್‌ರೆಜಾಯಿ, ಶಣ್ಮುಗಂ, ಡಿಮಾಕಿಸ್ ಮೊದಲಾದವರು ಮಂಡಿಸಿದ ಕೆಲಸದಿಂದ ಒಂದು ಸಮಾಧಾನ ದೊರೆಯಿತು. ಪ್ರತಿ ಹೆಜ್ಜೆಯಲ್ಲೂ ಈಗ ಯಾವುದನ್ನು ಎಲ್ಲಿಟ್ಟರೆ ಎಲ್ಲರಿಗೂ ಸೇರಿ ಹೆಚ್ಚು ಲಾಭ ಎಂದು ನೋಡಿ ಇಡುತ್ತ ಹೋದರೂ ಸಾಕು, ಅತ್ಯುತ್ತಮ ಹಂಚಿಕೆಯಿಂದ ಬರುವ ಲಾಭದ ಅರ್ಧಕ್ಕಿಂತ ಎಂದೂ ಕಡಿಮೆಯಾಗುವುದಿಲ್ಲ. ಎಲ್ಲರಿಗೂ ಸೇರಿ ಎಂಬ ಎರಡು ಮಾತಿನಲ್ಲೇ ಆ ಸೂತ್ರದ ಜೀವ ಇರುವುದು.

ಚಿತ್ರದುರ್ಗದ ಕೋಟೆ ಹತ್ತಿದವರು ಇದನ್ನು ಕಲ್ಲಿನಲ್ಲಿ ನೋಡಿರುತ್ತಾರೆ. ಮೇಲೆ ಗೋಪಾಲಸ್ವಾಮಿ ಹೊಂಡ. ಅದು ತುಂಬಿ ಚೆಲ್ಲಿದ್ದು ಅಕ್ಕ–ತಂಗಿಯರ ಹೊಂಡಕ್ಕೆ, ಅಲ್ಲಿಂದ ಇಳಿದದ್ದು ಕೆಳಗೆ ಪೇಟೆಯ ಸಿಹಿನೀರು ಹೊಂಡ, ಸಂತೆಹೊಂಡಗಳ ಕಡೆಗೆ. ಯಾವ ಹೊಂಡವೂ ತನ್ನಷ್ಟಕ್ಕೆ ತಾನು ಕಟ್ಟಿದ್ದಲ್ಲ. ಮೇಲಿನದರ ಕೋಡಿ ಎಲ್ಲಿ ಎಂದು ತಿಳಿದು ಕೆಳಗಿನದರ ಜಾಗ ಗೊತ್ತುಮಾಡಿದ್ದಾರೆ. ಜಾಲದ ಹಗೇವುಗಳಿಗೂ ಇಂಥ ಒಂದು ಕ್ರಮವನ್ನು ಸಂಶೋಧಕರು ಸೂಚಿಸಿದ್ದಾರೆ. ಈಗ ರೂಢಿಯಲ್ಲಿರುವ ಸೋಮಾರಿ ಕ್ರಮ ಯಾವುದೆಂದರೆ, ಬೆಂಗಳೂರಿನಿಂದ ಹೊಳಲ್ಕೆರೆಗೆ ಹೊರಟ ವಿಡಿಯೊ ದಾರಿಯಲ್ಲಿ ಸಿಕ್ಕ ಎಲ್ಲ ಯಂತ್ರಗಳಲ್ಲೂ ಒಂದೊಂದು ಪ್ರತಿ ಬಿಡುತ್ತ ಹೋಗುವುದು. ಹೀಗಾದರೆ ಒಬ್ಬನೇ ಒಬ್ಬ ಒಮ್ಮೆ ನೋಡಿದ್ದಕ್ಕಾಗಿ ಎಲ್ಲ ಕಡೆಯೂ ಒಳ್ಳೆಯದೊಂದು ಹೊರಬೀಳುತ್ತದೆ. ಅದಕ್ಕೆ ಬದಲು, ಕೇಳಿದಾಗೊಮ್ಮೆ ಪ್ರತಿ ಒಂದೇ ಮೆಟ್ಟಿಲು ಕೆಳಗಿಳಿಯಲಿ. ಮೊದಲ ಸಲ ಕೇಳಿದಾಗ ಚಿತ್ರದುರ್ಗದವರೆಗೆ, ಮತ್ತೆ ಕೇಳಿದರೆ ಹೊಳಲ್ಕೆರೆಗೆ. ನಿಜವಾಗಿ ಬೇಕಾದದ್ದು ಮಾತ್ರ ಹೊಂಡದಿಂದ ಹೊಂಡಕ್ಕೆ ಇಳಿದು ಊರು ತಲುಪುತ್ತದೆ.

ನೀರಿನ ಜತೆಗಿನ ಈ ಹೋಲಿಕೆ ಒಂದು ಹಂತದಲ್ಲಿ ನಿಲ್ಲುತ್ತದೆ ಎಂಬುದನ್ನೂ ಹೇಳಬೇಕು. ಮಾರಿಕಣಿವೆಯ ನೀರಿನ ಮೇಲೆ ಹಿರಿಯೂರು, ಚಳ್ಳಕೆರೆ, ಚಿತ್ರದುರ್ಗಗಳ ಹಕ್ಕಿನ ಮಾತು ಬಂದಾಗೆಲ್ಲ ಬಿಸಿ ಏರುತ್ತದೆ, ಏಕೆಂದರೆ ಒಬ್ಬರಿಗೆ ಬಿಟ್ಟದ್ದು ಇನ್ನೊಬ್ಬರಿಗಿಲ್ಲ. ವಿಡಿಯೊ ಹಾಗಲ್ಲ, ಹಿರಿಯೂರಿಗೆ ಕೊಟ್ಟರೆ ಹೊಸದುರ್ಗಕ್ಕೆ ಕಡಿಮೆಯಾಗುವುದಿಲ್ಲ. ಇಲ್ಲಿ ಕೊರತೆ ಇರುವುದು ಇಡುವ ಜಾಗಕ್ಕೆ ಮತ್ತು ಸಂಜೆಯ ಹೊತ್ತಿನ ದಾರಿಗೆ. ನೀರಿಗಿಂತ ಇಲ್ಲಿ ಒಪ್ಪಂದ ಸುಲಭವಾಗಬೇಕಿತ್ತು.

ಎಲ್ಲರೂ ಕೇಳುವ ಮೊದಲ ಐವತ್ತು ಎಂದೆ. ಎಲ್ಲರೂ ಅಂದರೆ ಯಾರು? ಎಣಿಸುವವರು ಎಲ್ಲಿ ಕೂತು ಎಣಿಸುತ್ತಾರೆ? ನನ್ನ ವಾದಕ್ಕೆ ಮುಖ್ಯವಾದದ್ದು ಈ ಎಣಿಕೆ. ಬೆಂಗಳೂರಿನಲ್ಲಿ ಕೂತು ಎಣಿಸಿದರೆ ಬೆಂಗಳೂರಿನ ರುಚಿಯೇ ರಾಜ್ಯದ ರುಚಿಯಾಗುತ್ತದೆ, ಏಕೆಂದರೆ ಅಲ್ಲಿ ತಲೆಗಳು ಹೆಚ್ಚು. ಹೊಸ ಸಿನಿಮಾದ ಟ್ರೈಲರ್ ಮೇಲೇರುತ್ತದೆ, ಏರಲಿ, ಹೊಳಲ್ಕೆರೆಯಲ್ಲೂ ಅದನ್ನು ನೋಡುವವರಿದ್ದಾರೆ. ಆದರೆ ಸತತ ಮಳೆ ಹಿಡಿದ ವಾರದಲ್ಲಿ ಈರುಳ್ಳಿ ಕೊಳೆಯುತ್ತಿರುವಾಗ ಹಿರಿಯೂರಿನ ಬಬ್ಬೂರು ಫಾರಂನ ಕೃಷಿ ವಿಜ್ಞಾನಿ ಯಾವ ಔಷಧ, ಎಷ್ಟು ಪ್ರಮಾಣ ಎಂದು ಹೇಳುವ ಮಾತು ಆ ತಾಲ್ಲೂಕಿನಲ್ಲಿ ಮೊದಲ ಹತ್ತರೊಳಗೆ ಬರಬಹುದು, ರಾಜ್ಯದ ಪಟ್ಟಿಯಲ್ಲಿ ಮೊದಲ ಹತ್ತು ಸಾವಿರದೊಳಗೂ ಬಾರದಿರಬಹುದು. ನವೆಂಬರಿನಲ್ಲಿ ಸಾಣೇಹಳ್ಳಿಯ ನಾಟಕೋತ್ಸವ ನಡೆಯುವಾಗ ಹೊಸದುರ್ಗದ ಬೇಡಿಕೆಯೇ ಬೇರೆ. ಸಿರಿಗೆರೆಯ ಮಠ ಗಣಕೀಕರಿಸಿರುವ ವಚನಗಳನ್ನು ತರಳಬಾಳು ಹುಣ್ಣಿಮೆಯ ದಿನಗಳಲ್ಲಿ ಹುಡುಕುವ ಊರುಗಳು ಯಾವುವೆಂದು ಇಲ್ಲಿಯ ಯಾರನ್ನು ಕೇಳಿದರೂ ಹೇಳುತ್ತಾರೆ. ಇವೆಲ್ಲ ಒಟ್ಟು ಮೊತ್ತದಲ್ಲಿ ಕರಗಿಹೋಗುತ್ತವೆ. ಕನ್ನಡದ ಬಹುಪಾಲು ಒಳ್ಳೆಯ ಸರಕು ಆ ಉದ್ದ ಬಾಲದಲ್ಲೇ ಇದೆ. ಒಟ್ಟು ಎಣಿಕೆಯ ಹಗೇವು ಅದನ್ನು ಸದಾ ದೂರದಲ್ಲಿಡುತ್ತದೆ. ದೂರದಲ್ಲಿಟ್ಟದ್ದು ನಿಧಾನವಾಗುತ್ತದೆ, ನಿಧಾನವಾದದ್ದನ್ನು ಜನ ಅರ್ಧಕ್ಕೇ ಬಿಡುತ್ತಾರೆ, ಬಿಟ್ಟದ್ದರ ಎಣಿಕೆ ಇನ್ನೂ ಇಳಿಯುತ್ತದೆ. ಜನಪ್ರಿಯತೆಯನ್ನು ನೋಡಿ ಜಾಗ ಕೊಡುತ್ತೇವೆ ಎನ್ನುವವರು ಜಾಗ ಕೊಟ್ಟದ್ದರಿಂದಲೂ ಜನಪ್ರಿಯತೆ ಹುಟ್ಟುತ್ತದೆ ಎಂಬುದನ್ನು ಮರೆಯುತ್ತಾರೆ.

ಆದ್ದರಿಂದ ಎಣಿಕೆ ತಾಲ್ಲೂಕಿನಲ್ಲಿ ಆಗಬೇಕು. ಇಲ್ಲಿ ಒಂದು ಎಚ್ಚರಿಕೆಯೂ ಬೇಕು. ಎಣಿಸುವ ವಲಯ ಚಿಕ್ಕದಾದಷ್ಟೂ ಯಾರು ಏನು ನೋಡಿದರೆಂಬುದು ಬಯಲಾಗುವ ಅಪಾಯ ಹೆಚ್ಚು. ಎಷ್ಟು ಸಲ ಕೇಳಿದರು ಎಂಬುದು ಸಾಕು, ಯಾರು ಕೇಳಿದರು ಎಂಬುದು ಹಗೇವಿಗೆ ಬೇಕಿಲ್ಲ. ಬೀದಿ ಬೀದಿಯ ಲೆಕ್ಕವೂ ಬೇಡ, ತಾಲ್ಲೂಕಿನ ಮಟ್ಟಕ್ಕೆ ನಿಲ್ಲಲಿ.

ಎದುರು ವಾದಗಳನ್ನು ನಾನು ಹಗುರವಾಗಿ ತೆಗೆದುಕೊಳ್ಳುವುದಿಲ್ಲ. ಮೊದಲನೆಯದು ಬಹಳ ಬಲವಾದದ್ದು. ಚಿತ್ರದುರ್ಗಕ್ಕೂ ಬೆಂಗಳೂರಿಗೂ ಇರುವ ದೂರ ಸುಮಾರು 200 ಕಿಲೊಮೀಟರ್. ಫೈಬರ್‌ನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೊಮೀಟರ್ ಓಡುತ್ತದೆ. ಹೋಗಿಬರಲು ಒಂದು ಸೆಕೆಂಡಿನ ಐನೂರನೇ ಒಂದು ಭಾಗ ಸಾಕು. ಇಷ್ಟಕ್ಕಾಗಿ ಊರೂರಲ್ಲಿ ಯಂತ್ರ ಇಟ್ಟು, ಅದಕ್ಕೆ ಕರೆಂಟು, ತಂಪು, ಕಾವಲು ಒದಗಿಸುವುದೇ? ದೂರವೊಂದೇ ಕಾರಣವಾಗಿದ್ದರೆ ಬೇಡ ಎಂದು ನಾನೂ ಹೇಳುತ್ತೇನೆ. ಫೋನಿನಿಂದ ಟವರಿನವರೆಗಿನ ಗಾಳಿಯ ದಾರಿ ಕಿಕ್ಕಿರಿದಿದ್ದರೆ ಊರಿನ ಹಗೇವು ಅದನ್ನೂ ಸರಿಮಾಡದು. ಅದು ನೆರವಾಗುವುದು ಎರಡು ಕಡೆ. ಸಂಜೆ ಎಲ್ಲರೂ ಒಟ್ಟಿಗೆ ಕೇಳುವಾಗ ಊರಿನಿಂದ ಬೆಂಗಳೂರಿಗೆ ಇರುವ ಕೊಳವೆ ಕಟ್ಟಿಕೊಳ್ಳದಂತೆ ನೋಡಿಕೊಳ್ಳುತ್ತದೆ. ಎರಡನೆಯದು, ಆ ಕೊಳವೆಯೇ ತುಂಡಾದ ದಿನ. ರಸ್ತೆ ಅಗಲ ಮಾಡುವಾಗ ಜೆಸಿಬಿಯ ಹಲ್ಲಿಗೆ ಸಿಕ್ಕಿ ಫೈಬರ್ ಹರಿಯುವುದು ನಮ್ಮ ಕಡೆ ಅಪರೂಪವಲ್ಲ. ಇದಕ್ಕೂ ಕೋಟೆಯನ್ನೇ ನೋಡಿ: 1779ರಲ್ಲಿ ಹೈದರಾಲಿಯ ವಶವಾಗುವವರೆಗೆ ಚಿತ್ರದುರ್ಗದ ಕೋಟೆ ಮುತ್ತಿಗೆಯ ಮೇಲೆ ಮುತ್ತಿಗೆ ಕಂಡಿತು. ಅದರೊಳಗಿನ ಕಣಜ, ಎಣ್ಣೆಕೊಳ, ಹೊಂಡಗಳನ್ನು ಕಟ್ಟಿದ್ದು ಪೇಟೆ ದೂರವಿತ್ತೆಂದಲ್ಲ, ದಾರಿ ಕಟ್ಟಿಹೋಗುವ ದಿನಕ್ಕೆಂದು. ಪಠ್ಯಪುಸ್ತಕ, ಔಷಧದ ಸಲಹೆ, ಪ್ರವಾಹದ ಎಚ್ಚರಿಕೆಯ ನಕ್ಷೆ ಇಂಥವು ತಂತಿ ಹರಿದ ದಿನವೂ ಊರಿನೊಳಗೆ ಸಿಗಬೇಕು.

ಎರಡನೆಯ ಎದುರು ವಾದ: ಚಿಕ್ಕ ಊರಿನಲ್ಲಿ ಒಂದೇ ವಸ್ತುವನ್ನು ಮತ್ತೆ ಮತ್ತೆ ಕೇಳುವವರು ಕಡಿಮೆ, ಹೆಚ್ಚು ಜನರನ್ನು ಒಟ್ಟುಗೂಡಿಸಿದ ದೊಡ್ಡ ಹಗೇವೇ ಲಾಭದಾಯಕ. ನಿಜ. ನಾಲ್ಕೂರನ್ನು ಒಂದು ಮನೆಯಂತೆ ಕಾಣಬೇಕು ಎಂದು ಮೇಲೆ ಲೆಕ್ಕ ಹಾಕಿದ್ದು ಇದೇ ಕಾರಣಕ್ಕೆ. ಆದರೆ ಅದಕ್ಕೆ ಹೊಸದುರ್ಗದ ಕೇಳಿಕೆ ಹೊಳಲ್ಕೆರೆಗೆ ನೇರವಾಗಿ ಹೋಗಬೇಕು. ಎರಡು ಕಂಪನಿಗಳ ಜಾಲಗಳು ಜಿಲ್ಲೆಯೊಳಗೆ ಎಲ್ಲೂ ಕೈಜೋಡಿಸದಿದ್ದರೆ ಅದು ಮಹಾನಗರ ಸುತ್ತಿಯೇ ಬರಬೇಕಾಗುತ್ತದೆ. ಒಂದು ಕಾಲಕ್ಕೆ ಇಡೀ ದೇಶದ ಕಥೆಯೇ ಇದಾಗಿತ್ತು. ಭಾರತದ ಒಂದು ಸಂಸ್ಥೆಯ ಗ್ರಾಹಕ ಭಾರತದ ಇನ್ನೊಂದು ಸಂಸ್ಥೆಯ ಗ್ರಾಹಕನಿಗೆ ಕಳಿಸಿದ್ದು ವಿದೇಶ ಸುತ್ತಿ ಬರುತ್ತಿತ್ತು. ಅದನ್ನು ತಪ್ಪಿಸಲೆಂದು 2003ರಲ್ಲಿ ನಿಕ್ಸಿ ಎಂಬ ವಿನಿಮಯ ಸಂಸ್ಥೆಯನ್ನು ಕಟ್ಟಿದರು, ದೇಶದ ಸರಕು ದೇಶದೊಳಗೇ ಕೈಬದಲಾಗಲಿ ಎಂದು. ದೇಶಕ್ಕೆ ಸರಿಕಂಡ ಮಾತು ಜಿಲ್ಲೆಗೂ ಸರಿಯೆಂದು ನನ್ನ ನಂಬಿಕೆ.

ಮೂರನೆಯದು ಎದುರು ವಾದವಲ್ಲ, ಬಾಗಿಲಿಗೆ ಬಿದ್ದ ಬೀಗ. ಹಿಂದೆ ಕಾಲೇಜುಗಳಲ್ಲಿ, ಸೈಬರ್ ಸೆಂಟರುಗಳಲ್ಲಿ ಸ್ಕ್ವಿಡ್‌ನಂಥ ಉಚಿತ ತಂತ್ರಾಂಶ ಹಾಕಿಕೊಂಡರೆ ಒಬ್ಬರು ನೋಡಿದ ಪುಟ ಇನ್ನೊಬ್ಬರಿಗೆ ಪಕ್ಕದ ಕೋಣೆಯಿಂದಲೇ ಸಿಗುತ್ತಿತ್ತು. ಈಗ ಬಹುತೇಕ ಎಲ್ಲವೂ ಗೂಢಲಿಪಿಯಲ್ಲಿ ಹರಿಯುತ್ತದೆ. ಅದು ನಮ್ಮ ಸುರಕ್ಷತೆಗೆ ಬೇಕಾದದ್ದೇ, ಅದನ್ನು ಬಿಡಿ ಎಂದು ನಾನು ಹೇಳುವುದಿಲ್ಲ. ಆದರೆ ದಾರಿಯಲ್ಲಿರುವವರಿಗೆ ಒಳಗಿನದು ಕಾಣದಿರುವುದರಿಂದ ಅವರು ಇಟ್ಟುಕೊಳ್ಳಲಾರರು. ಇಡುವ ಅಧಿಕಾರ ಸರಕಿನ ಒಡೆಯನಿಗೆ ಮಾತ್ರ ಉಳಿಯಿತು. ನೆಟ್‌ಫ್ಲಿಕ್ಸ್ 2012ರಿಂದ ತನ್ನದೇ ಪೆಟ್ಟಿಗೆಗಳನ್ನು ಇಂಟರ್ನೆಟ್ ಸಂಸ್ಥೆಗಳ ಒಳಗೆ ಕೂರಿಸುತ್ತ ಬಂದಿದೆ, ಗೂಗಲ್‌ನದೂ ಅಂಥ ಏರ್ಪಾಡು ಇದೆ. ಅವರು ಜಾಣರು, ಅವರ ಲೆಕ್ಕ ಅಚ್ಚುಕಟ್ಟು. ಜನ ನಾಳೆ ಏನು ನೋಡುತ್ತಾರೆಂದು ಅಂದಾಜು ಮಾಡಿ, ದಾರಿ ಖಾಲಿಯಿರುವ ಹೊತ್ತು ನೋಡಿ ಪೆಟ್ಟಿಗೆ ತುಂಬಿಸುತ್ತಾರೆ. ಹಿರಿಯೂರಿನ ರೈತ ರಾತ್ರಿ ತ್ರೀಫೇಸ್ ಕರೆಂಟು ಬಂದಾಗ ಬೋರ್‌ವೆಲ್ಲಿನಿಂದ ಕೃಷಿಹೊಂಡ ತುಂಬಿಸಿಕೊಂಡು ಹಗಲು ದಾಳಿಂಬೆಗೆ ಹನಿ ಬಿಡುವುದೂ ಇದೇ ಕ್ರಮ. ರೈತನ ಹೊಂಡ ಮಾತ್ರ ಅವನ ಹೊಲದಲ್ಲಿದೆ, ಯಾವ ಗಿಡಕ್ಕೆ ಎಷ್ಟು ಎಂದು ಅವನೇ ಹೇಳುತ್ತಾನೆ.

ನೆರೆಹೊರೆಯವರು ಒಟ್ಟಾಗಿ ಯೋಚಿಸಿದರೆ ಎಷ್ಟು ಉಳಿಯುತ್ತದೆ ಎಂಬುದಕ್ಕೆ ಇನ್ನೊಂದು ಉದಾಹರಣೆ ಕೊಡದೆ ಇರಲಾರೆ, ಏಕೆಂದರೆ ಅದು ನನಗೆ ಈ ಇಡೀ ವಿಷಯದಲ್ಲೇ ಚೆಲುವಾದ ಭಾಗ. ಮೊಹಮ್ಮದ್ ಅಲಿ ಮದ್ದಾಹ್ ಅಲಿ ಮತ್ತು ಉರ್ಸ್ ನೀಸೆನ್ 2014ರಲ್ಲಿ ಪ್ರಕಟಿಸಿದ ವಿಚಾರ ಇದು. ಹೊಸದುರ್ಗ ಮತ್ತು ಹೊಳಲ್ಕೆರೆ ಎರಡೇ ಊರು. ಸರಕೂ ಎರಡೇ: ಒಂದು ಪಾಠ, ಒಂದು ನಾಟಕ. ಪ್ರತಿ ಊರಿನ ಹಗೇವಿನಲ್ಲಿ ಒಂದಕ್ಕೆ ಮಾತ್ರ ಜಾಗ. ರಾತ್ರಿ ತುಂಬಿಸುವಾಗ ನಾಳೆ ಯಾರು ಯಾವುದನ್ನು ಕೇಳುತ್ತಾರೋ ಗೊತ್ತಿಲ್ಲ. ಆಗ ಪಾಠವನ್ನೂ ನಾಟಕವನ್ನೂ ಎರಡೆರಡು ಹೋಳು ಮಾಡಿ, ಎರಡರ ಮೊದಲ ಹೋಳುಗಳನ್ನು ಹೊಸದುರ್ಗದಲ್ಲೂ ಎರಡನೆಯ ಹೋಳುಗಳನ್ನು ಹೊಳಲ್ಕೆರೆಯಲ್ಲೂ ಇಡಿ. ಮರುದಿನ ಹೊಸದುರ್ಗ ಪಾಠ ಕೇಳಿತು, ಹೊಳಲ್ಕೆರೆ ನಾಟಕ ಕೇಳಿತು ಎನ್ನಿ. ಹೊಸದುರ್ಗಕ್ಕೆ ಕೊರತೆ ಪಾಠದ ಎರಡನೆಯ ಹೋಳು. ಅದು ಹೊಳಲ್ಕೆರೆಯಲ್ಲಿದೆ. ಹೊಳಲ್ಕೆರೆಗೆ ಕೊರತೆ ನಾಟಕದ ಮೊದಲ ಹೋಳು. ಅದು ಹೊಸದುರ್ಗದಲ್ಲಿದೆ. ಬೆಂಗಳೂರು ಎರಡು ಹೋಳುಗಳನ್ನು ಬೇರೆಬೇರೆ ಕಳಿಸುವ ಬದಲು ಎರಡನ್ನೂ ಕೂಡಿಸಿ ಒಂದೇ ಹೋಳಿನಷ್ಟು ಕಳಿಸಿದರೆ ಸಾಕು. ಒಂದರ ಬೆಲೆ 7, ಇನ್ನೊಂದರದು 5 ಎಂದಿಟ್ಟುಕೊಂಡರೆ, ಕಳಿಸಿದ್ದು 12. ತನ್ನಲ್ಲಿ 5 ಇಟ್ಟುಕೊಂಡವನು ಅದನ್ನು ಕಳೆದು 7 ಪಡೆಯುತ್ತಾನೆ, 7 ಇಟ್ಟುಕೊಂಡವನು 5 ಪಡೆಯುತ್ತಾನೆ. ದಾರಿಯ ಭಾರ ಅರ್ಧವಾಯಿತು. ಒಂದೇ ಪ್ರಸಾರ ಎರಡೂ ಊರನ್ನು ಏಕಕಾಲಕ್ಕೆ ಮುಟ್ಟುವಂತಿರಬೇಕು ಎಂಬುದು ಇದರ ಷರತ್ತು, ಊರುಗಳು ಹೆಚ್ಚಾದಂತೆ ಹೋಳುಗಳ ಸಂಖ್ಯೆ ವಿಪರೀತ ಬೆಳೆಯುವುದು ಇದರ ತೊಡಕು. ಆದರೂ ಗಮನಿಸಬೇಕಾದದ್ದು, ಇಲ್ಲಿ ಪ್ರತಿ ಊರೂ ತನಗೆ ನಾಳೆ ಬೇಡವಾಗಬಹುದಾದ ವಸ್ತುವಿನ ಅರ್ಧವನ್ನು ಇಟ್ಟುಕೊಂಡಿದೆ. ಅದರಿಂದಲೇ ಇಬ್ಬರಿಗೂ ಉಳಿತಾಯವಾಯಿತು.

ಖಾಸಗಿ ಕಂಪನಿಗಳ ಸರಕಿನ ಮೇಲೆ ನಮಗೆ ಅಧಿಕಾರವಿಲ್ಲ ಎನ್ನೋಣ. ಸಾರ್ವಜನಿಕ ಸರಕಿನ ಮೇಲೆ ಇದೆ. ಕರ್ನಾಟಕ ಪಠ್ಯಪುಸ್ತಕ ಸಂಘದ ಪುಸ್ತಕಗಳಿವೆ. 2017ರಲ್ಲಿ ಶುರುವಾದ ದೀಕ್ಷಾ ವೇದಿಕೆಯ ಪಾಠಗಳಿವೆ, ಪುಸ್ತಕದ ಪುಟದಲ್ಲಿ ಅಚ್ಚಾದ ಕ್ಯೂಆರ್ ಕೋಡನ್ನು ಫೋನಿಗೆ ತೋರಿಸಿದರೆ ತೆರೆದುಕೊಳ್ಳುವಂಥವು. ಕೃಷಿ ವಿಶ್ವವಿದ್ಯಾಲಯಗಳ ಸಲಹೆಗಳಿವೆ. ಇವು ಯಾವಾಗ ಬೇಕಾಗುತ್ತವೆಂದು ಊಹಿಸಲು ಯಾವ ಕೃತಕ ಬುದ್ಧಿಯೂ ಬೇಡ. ಶಾಲೆ ತೆರೆಯುವ ದಿನ, ಪರೀಕ್ಷೆಯ ವೇಳಾಪಟ್ಟಿ, ಬಿತ್ತನೆಯ ಮಳೆ ನಕ್ಷತ್ರ ಎಲ್ಲ ಮೊದಲೇ ಗೊತ್ತಿವೆ. ಇಡುವ ಜಾಗವೂ ಗೊತ್ತಿದೆ. 2011ರಲ್ಲಿ ಒಪ್ಪಿಗೆ ಪಡೆದು ಮುಂದೆ ಭಾರತ್‌ನೆಟ್ ಎಂದು ಹೆಸರಾದ ಯೋಜನೆಯ ಫೈಬರ್ ತಾಲ್ಲೂಕು ಕೇಂದ್ರದಿಂದ ಗ್ರಾಮ ಪಂಚಾಯಿತಿಗಳಿಗೆ ಕವಲೊಡೆಯುತ್ತದೆ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಿ ಆ ಕವಲಿನ ಬುಡದಲ್ಲೊಂದು ಯಂತ್ರವಿಟ್ಟು, ಚಿತ್ರದುರ್ಗದಲ್ಲಿ ಅವುಗಳ ನಡುವೆ ಹೊಂದಾಣಿಕೆ ಮಾಡುವ ಇನ್ನೊಂದನ್ನಿಟ್ಟು, ನಾಲ್ಕನ್ನೂ ಒಂದೇ ಮನೆಯ ಹಗೇವುಗಳಂತೆ ನಡೆಸಬಹುದು. ಇದನ್ನು ದತ್ತಾಂಶ ಕೇಂದ್ರ ಎಂದು ಕರೆಯುವಷ್ಟೂ ದೊಡ್ಡದು ಮಾಡಬೇಕಿಲ್ಲ. ಒಂದು ಕಪಾಟು, ಒಂದು ಯುಪಿಎಸ್ ಮತ್ತು ಅದನ್ನು ನೋಡಿಕೊಳ್ಳುವ ಒಬ್ಬ ಸಿಬ್ಬಂದಿ ಸಾಕು.

ಇಟ್ಟದ್ದು ಹಳಸದಂತೆ ನೋಡಿಕೊಳ್ಳುವುದೂ ಅದೇ ಸಿಬ್ಬಂದಿಯ ಕೆಲಸ. ಭೀಮಸಮುದ್ರದ ಅಡಿಕೆ ಧಾರಣೆ ನಿನ್ನೆಯದನ್ನು ಇಂದು ತೋರಿಸಿದರೆ ಅದು ರೈತನಿಗೆ ನಷ್ಟ. ಅಂಥದ್ದನ್ನು ಹಗೇವಿಗೆ ಹಾಕಲೇಬಾರದು, ಹಾಕಿದರೂ ಗಳಿಗೆಗಳ ಲೆಕ್ಕದಲ್ಲಿ ಬದಲಿಸಬೇಕು. ಹತ್ತನೆಯ ತರಗತಿಯ ಗಣಿತದ ಪಾಠ ವರ್ಷವಿಡೀ ಇರಲಿ. ರಾಗಿಯನ್ನು ನೆಲದಡಿ ಇಟ್ಟವರು ಮೊಸರನ್ನು ಅಲ್ಲಿಡಲಿಲ್ಲ.

ಹಿಂದಿನದನ್ನು ನೋಡಿ ಮುಂದಿನದನ್ನು ಊಹಿಸುವ ಯಂತ್ರಕ್ಕೆ ಮಾರಿಕಣಿವೆಯಂಥ ಸಂಗತಿ ಅರ್ಥವಾಗುವುದಿಲ್ಲ. 89 ವರ್ಷ ಕೋಡಿಯಲ್ಲಿ ನೀರೇ ಇರಲಿಲ್ಲ, ಯಂತ್ರದ ಲೆಕ್ಕದಲ್ಲಿ ಅದರ ಬೇಡಿಕೆ ಸೊನ್ನೆ. ಆದರೆ ಭದ್ರಾ ಮೇಲ್ದಂಡೆಯ ಕಾಲುವೆಯಿಂದ 2019ರಿಂದ ನೀರು ಬರಲು ಶುರುವಾಗಿದೆ ಎಂಬುದು ಹಿರಿಯೂರಿನವರಿಗೆ ಗೊತ್ತಿತ್ತು. ಜಲಾಶಯದ ಮಟ್ಟ ತುಂಬಲು ಬೇಕಾದ 130 ಅಡಿಗೆ ಎಷ್ಟು ಕಡಿಮೆಯಿದೆ ಎಂದು ಟೀ ಅಂಗಡಿಯಲ್ಲಿ ದಿನಾ ಮಾತಾಗುತ್ತಿತ್ತು. 2025ರ ಜನವರಿಯಲ್ಲಿ ಕೋಡಿ ಮತ್ತೆ ಬಿತ್ತು, ಈ ಸಲ ಎರಡೂವರೆ ವರ್ಷ ತುಂಬುವ ಮೊದಲೇ. ವಾರದ ಮುಂಚೆಯೇ ಹೊಸದುರ್ಗದ ಹಿನ್ನೀರಿನ ಹಳ್ಳಿಗಳವರು ದಂಡೆಯ ತೋಟಗಳ ಚಿಂತೆಯಲ್ಲಿದ್ದರು, ಹಿರಿಯೂರಿನವರು ಬಾಗಿನದ ಸಿದ್ಧತೆಯಲ್ಲಿದ್ದರು. ಆ ವಾರ ಯಾವ ವಿಡಿಯೊ ಯಾವ ಊರಿಗೆ ಬೇಕಾಗುತ್ತದೆ ಎಂದು ಅವರಲ್ಲಿ ಯಾರನ್ನು ಕೇಳಿದ್ದರೂ ಹೇಳುತ್ತಿದ್ದರು.